ಮುತ್ಯಾ ಓದಿದ ಚಿತ್ರ, ನಾನು ಓದಿದ ಅಕ್ಷರ

ನಮ್ಮ ಮುತ್ಯಾನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆಡುವ ಮಾತು ಕನ್ನಡ, ರಾಶಿ ಮಾಡುವಾಗ ಹಾಡುತ್ತಿದ್ದ ಹಂತಿ ಪದ ಕನ್ನಡ, ಬೈಗುಳವಂತೂ ಅಪ್ಪಟ ಜೇವರ್ಗಿ ಕನ್ನಡ. ಅಕ್ಷರ ಮಾತ್ರ ಉರ್ದು. ನಿಜಾಮರ ಕಾಲದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ನಮ್ಮ ಭಾಗದ ಬಹಳ ಮಂದಿ ಹಿರಿಯರ ಪಾಡು ಅದು. ಹೊಲದ ಕಾಗದವನ್ನು ಸರಾಗ ಓದುತ್ತಿದ್ದ ಆ ಮನುಷ್ಯ ಬಸ್ಸಿನ ಬೋರ್ಡಿನ ಮುಂದೆ ನಿಂತು ನನ್ನ ಮುಖ ನೋಡುತ್ತಿದ್ದ.

ಎಂಬತ್ತರ ದಶಕದ ಆರಂಭ. ನಾನು ಐದನೇ ತರಗತಿ. ಅಪ್ಪ ಕಲಬುರಗಿಗೆ ಹೋದವರು ಒಂದು ಅಮರ ಚಿತ್ರ ಕಥೆ ತಂದಿದ್ದರು. ಕಟ್ಟೆಯ ಮೇಲೆ ಕೂತಿದ್ದ ಮುತ್ಯಾ ಅದನ್ನು ಇಸಿದುಕೊಂಡು, ಕನ್ನಡಕ ಏರಿಸಿ, ಬೆರಳಿಟ್ಟು ನೋಡತೊಡಗಿದ. ಬೆರಳು ಬಲಗಡೆಯ ಚೌಕದಿಂದ ಎಡಕ್ಕೆ ಸರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿ ಕೇಳಿದ: "ಯಾಕೋ, ಇಂವ ಮೊದಲ ಸತ್ತು, ಆಮ್ಯಾಲ ಕುದುರಿ ಹತ್ತಿದನೇನು?"

ನಾನು ಅವನ ಬೆರಳು ಹಿಡಿದು ಎಡದಿಂದ ಬಲಕ್ಕೆ ನಡೆಸಿದೆ. ಅಂದಿನಿಂದ ನಮ್ಮಿಬ್ಬರದು ಒಂದು ಕರಾರು. ಅಕ್ಷರ ನನ್ನ ಪಾಲಿಗೆ, ಚಿತ್ರ ಅವನ ಪಾಲಿಗೆ. ಗುಳ್ಳೆಯೊಳಗಿನ ಮಾತನ್ನು ನಾನು ಗಟ್ಟಿಯಾಗಿ ಓದಿ ಮುಂದಿನ ಪುಟಕ್ಕೆ ಓಡುತ್ತಿದ್ದೆ. ಅವನು ತಡೆಯುತ್ತಿದ್ದ. "ತಡಿ, ಈ ನೊಗ ನೋಡು. ಹಿಂಗ ಕಟ್ಟಿದರ ಎತ್ತಿನ ಹೆಗಲು ಹುಣ್ಣಾಗ್ತದ. ಚಿತ್ರ ತೆಗೆದಂವ ಗಳೆ ಹೊಡೆದಂವ ಅಲ್ಲ." ನಾನು ಕಾಣದ ನೂರು ಸಂಗತಿಗಳನ್ನು ಅವನು ಕಾಣುತ್ತಿದ್ದ. ಹಿಂದೆ ನಿಂತ ದಾಸಿಯ ಮುಖ, ಮೂಲೆಯಲ್ಲಿ ಬಿದ್ದ ಬಿಂದಿಗೆ, ಬಾಗಿಲಾಚೆ ಕತ್ತಲು. ಚಿತ್ರಕಥೆಯನ್ನು ಓದುವುದು ಹೇಗೆಂದು ನನಗೆ ಕಲಿಸಿದವನು ಒಂದಕ್ಷರ ಕನ್ನಡ ಬಾರದ ಆ ಮುದುಕ.

ಆಳಂದ, ಅಫಜಲಪುರ, ಜೇವರ್ಗಿ ಕಡೆ ಶಾಲೆಗಳಿಗೆ, ಗ್ರಂಥಾಲಯಗಳಿಗೆ ಹೋದಾಗ ಈ ಸಂಗತಿಯನ್ನು ಮತ್ತೆ ಮತ್ತೆ ಹೇಳುತ್ತೇನೆ. ಯಾಕೆಂದರೆ ಕಾಮಿಕ್ಸ್ ಅಂದ ಕೂಡಲೇ ಹುಡುಗರ ಕಣ್ಣಿಗೆ ಬರುವುದು ಹಾರುವವರು, ಕಣ್ಣಲ್ಲಿ ಬೆಂಕಿ ಉಗುಳುವವರು, ಮೈಗಂಟಿದ ಅಂಗಿ ತೊಟ್ಟು ಊರು ಉಳಿಸುವವರು. ದೊಡ್ಡವರ ಕಣ್ಣಿಗೆ ಬರುವುದು "ಅಭ್ಯಾಸ ಬಿಟ್ಟು ಕಾಮಿಕ್ಸ್ ಹಿಡಿದು ಕುಂತಾನ" ಎಂಬ ದೂರು. ಹಾರುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಯಾರೂ ಹಾರದ ಚಿತ್ರಕಥೆಗಳಿವೆ. ಅವುಗಳಲ್ಲಿ ನೀರಿಗಾಗಿ ಕಾದವರಿದ್ದಾರೆ, ಅಜ್ಜಿಯ ಸೆರಗು ಹಿಡಿದು ಮಲಗಿದವರಿದ್ದಾರೆ, ಬೆಳೆ ತುಳಿಯುವ ಅಪ್ಪಂದಿರಿದ್ದಾರೆ. ಅವು ನಮ್ಮ ಸೀಮೆಯವರಿಗೆ ಬಹಳ ಹತ್ತಿರದ ಪುಸ್ತಕಗಳು ಎಂಬುದು ನನ್ನ ನಂಬಿಕೆ. ಕೆಲವನ್ನು ಇಲ್ಲಿ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಸಲ ಹೊಳೆಗುಂಟ ಕೆಳಗೆ ಹೋಗಿಬರಬೇಕು. ಆಳಂದ ಸೀಮೆಯಿಂದ ಬರುವ ಅಮರ್ಜಾ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಅದೇ ಭೀಮೆ ಜೇವರ್ಗಿಯ ಬದಿ ಹಾದು, ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನು ಮುಟ್ಟುತ್ತದೆ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯವರು 1990ರ ದಶಕದಲ್ಲಿ ಅಗೆದು ತೆಗೆದ ಬೌದ್ಧ ಸ್ತೂಪದ ಚಪ್ಪಡಿಗಳನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಸುಮಾರು ಎರಡು ಸಾವಿರ ವರ್ಷ ಹಿಂದಿನ ಸುಣ್ಣದ ಕಲ್ಲು. ಒಂದೊಂದು ಚಪ್ಪಡಿಯಲ್ಲೂ ಚೌಕ ಕೊರೆದು ಕಥೆ ಕೂರಿಸಿದ್ದಾರೆ. ಬುದ್ಧನ ಬದುಕು, ಜಾತಕದ ಕಥೆಗಳು, ರಾಜರು. ಜತೆಗೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ, ಯಾವ ಕಥೆ, ಯಾವ ಅರಸ ಎಂದು ಒಂದು ಸಾಲಿನ ಬರಹ. ಅಶೋಕ ರಾಣಿಯೊಂದಿಗೆ ನಿಂತ ಕಲ್ಲಿನ ಮೇಲೆ 'ರಾಜ ಅಶೋಕ' ಎಂದೇ ಕೊರೆದಿದೆ. ಇನ್ನೊಂದರಲ್ಲಿ ಸಾತವಾಹನ ದೊರೆ ಮಹಾಚೈತ್ಯಕ್ಕೆ ಬೆಳ್ಳಿಯ ಕಮಲಗಳನ್ನು ಕೊಡುತ್ತಿದ್ದಾನೆ. ಕೈಯಲ್ಲಿರುವುದು ಬೆಳ್ಳಿಯದೆಂದು ಕಲ್ಲು ಹೇಳಲಾರದು, ಪಕ್ಕದ ಬರಹ ಹೇಳುತ್ತದೆ. ದೊರೆ ಹೇಗೆ ನಿಂತಿದ್ದ ಎಂಬುದನ್ನು ಬರಹ ಹೇಳಲಾರದು, ಕಲ್ಲು ಹೇಳುತ್ತದೆ. ಚೌಕ, ಚಿತ್ರ, ಪಕ್ಕದಲ್ಲೊಂದು ಸಾಲು. ಅಕ್ಷರ ಬಲ್ಲವನೂ ಬಾರದವನೂ ಕೂಡಿ ಪ್ರದಕ್ಷಿಣೆ ಹಾಕುತ್ತ ಓದಿದ ಪುಸ್ತಕ ಅದು. ಕಾಮಿಕ್ಸ್ ಪರದೇಶದ ಸರಕು ಎನ್ನುವವರನ್ನು ನಾನು ಮೊದಲು ಕನಗನಹಳ್ಳಿಗೆ ಕರೆದೊಯ್ಯುತ್ತೇನೆ.

ಅಚ್ಚಾದ ಕಾಮಿಕ್ಸಿಗೂ ಕನ್ನಡಕ್ಕೂ ಹಳೆಯ ನಂಟಿದೆ. ಅಮರ ಚಿತ್ರ ಕಥೆ ಶುರುವಾದದ್ದು ಇಂಗ್ಲಿಷಿನಲ್ಲಿ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯತ್ನದಿಂದ 1965ರ ಹೊತ್ತಿಗೇ ಆ ಹೆಸರಿನಲ್ಲಿ ಕನ್ನಡ ಪುಸ್ತಕಗಳು ಬಂದಿದ್ದವು. ಸಿಂಡ್ರೆಲಾ ಮುಂತಾದ ಪರದೇಶದ ಕಥೆಗಳೇ ಮೊದಲ ಹತ್ತು. ಆಮೇಲೆ ಕಾರ್ಕಳದ ಅನಂತ ಪೈ ಕೈಹಾಕಿ 'ಕೃಷ್ಣ' ತಂದಾಗ ಅದರ ಸಂಖ್ಯೆ 11 ಆದದ್ದು ಇದೇ ಕಾರಣಕ್ಕೆ. ಅನಂತ ಪೈ ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು. ನಮ್ಮ ಭಾಗಕ್ಕೆ ಆ ತಾರೀಖಿನ ಅರ್ಥ ಬೇರೆ. ಆದರೂ ಪ್ರತಿ ವರ್ಷ ಹೈದರಾಬಾದ್ ವಿಮೋಚನಾ ದಿನದ ಧ್ವಜ ಏರುವಾಗ ನನಗೆ ಅವರ ನೆನಪೂ ಬರುತ್ತದೆ.

ಅಮರ ಚಿತ್ರ ಕಥೆಯ ಬಗ್ಗೆ ನನಗೆ ಪ್ರೀತಿಯೂ ಇದೆ, ತಕರಾರೂ ಇದೆ. ರಾಕ್ಷಸರೆಲ್ಲ ಕಪ್ಪು, ದೇವರು ದಿಂಡರು ಬೆಳ್ಳಗೆ, ಇಲ್ಲವೆ ನೀಲಿ. ನಮ್ಮ ಊರ ಬಿಸಿಲಿನಲ್ಲಿ ದುಡಿದ ಯಾವ ಮೈಬಣ್ಣವೂ ಅಲ್ಲಿ ನಾಯಕನದಲ್ಲ. ಹೆಂಗಸರು ಗೊಂಬೆಯಂತೆ. ಆದರೆ ಪುರಂದರದಾಸರ, ಅಬ್ಬಕ್ಕನ ಕಥೆಗಳು ಮನೆಯೊಳಗೆ ಬಂದದ್ದು ಆ ಪುಸ್ತಕಗಳಿಂದ. ಅದರ ಬಣ್ಣ ನೋಡಿದಾಗ ನಮ್ಮ ಕಲಬುರಗಿಯಲ್ಲೇ 1916ರಲ್ಲಿ ಹುಟ್ಟಿ ಮುಂಬೈಯಲ್ಲಿ ಹೆಸರಾದ ಎಸ್.ಎಂ. ಪಂಡಿತರ ಕ್ಯಾಲೆಂಡರ್ ದೇವರುಗಳು ನೆನಪಾಗುತ್ತವೆ. ಆ ಕ್ಯಾಲೆಂಡರ್ ಗೋಡೆಯ ಮೇಲೆ, ಈ ಪುಸ್ತಕ ಕೈಯಲ್ಲಿ. ನಮ್ಮ ಕಣ್ಣು ಬೆಳೆದದ್ದು ಹೀಗೆ. ಅದೇ ಹೊತ್ತಿಗೆ ಇಂದ್ರಜಾಲ ಕಾಮಿಕ್ಸಿನಲ್ಲಿ ಆಬಿದ್ ಸುರ್ತಿ ಹುಟ್ಟಿಸಿದ ಬಹಾದ್ದೂರ್ ಬರುತ್ತಿದ್ದ. ಕುರ್ತಾ, ಜೀನ್ಸ್ ಪ್ಯಾಂಟು, ದರೋಡೆಕೋರನ ಮಗ, ಯಾವ ಮಂತ್ರಶಕ್ತಿಯೂ ಇಲ್ಲ, ಊರವರನ್ನು ಕೂಡಿಸಿಕೊಂಡು ಊರು ಕಾಯುತ್ತಿದ್ದ. ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕರೆ ಬಿಡಬೇಡಿ.

ಈಗ ನಾನು ಎಲ್ಲಕ್ಕಿಂತ ಮೊದಲು ಕೈಗಿಡುವ ಪುಸ್ತಕ 'ಭೀಮಾಯನ'. 2011ರಲ್ಲಿ ನವಯಾನ ಪ್ರಕಾಶನ ಇಂಗ್ಲಿಷಿನಲ್ಲಿ ತಂದದ್ದು. ಅಂಬೇಡ್ಕರರ ಜೀವನದ ಅಸ್ಪೃಶ್ಯತೆಯ ಅನುಭವಗಳು; ಬರೆದವರು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್, ಚಿತ್ರ ಬಿಡಿಸಿದವರು ಮಧ್ಯಪ್ರದೇಶದ ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಪುಸ್ತಕದ ಮೂರು ಭಾಗಗಳು: ನೀರು, ಆಸರೆ, ಪ್ರಯಾಣ. ಬಾಲಕ ಭೀಮ ಅಣ್ಣನೊಂದಿಗೆ ಅಪ್ಪನನ್ನು ನೋಡಲು ರೈಲು ಹತ್ತಿ ಮಸೂರು ನಿಲ್ದಾಣದಲ್ಲಿ ಇಳಿಯುತ್ತಾನೆ. ಯಾರೂ ಕರೆಯಲು ಬಂದಿಲ್ಲ. ಜಾತಿ ತಿಳಿದ ಮೇಲೆ ಗಾಡಿಯವರು ಹತ್ತಿಸಿಕೊಳ್ಳಲು ಹಿಂಜರಿಯುತ್ತಾರೆ. ದಾರಿಯುದ್ದಕ್ಕೂ ಬುತ್ತಿ ಇದೆ, ಕುಡಿಯಲು ನೀರಿಲ್ಲ. ಈ ಕಥೆ ಅಂಬೇಡ್ಕರರೇ ಬರೆದಿಟ್ಟದ್ದು, ಬಲ್ಲವರು ಬಲ್ಲರು. ಆದರೆ ಚಿತ್ರದಲ್ಲಿ ಅದರ ದಾಹವೇ ಬೇರೆ. ರೈಲು ಹಾವಾಗಿದೆ. ಕೈಪಂಪಿಗೆ ಜೀವ ಬಂದಿದೆ. ಮೀನು, ಪ್ರಾಣಿ, ಮರ ಎಲ್ಲ ಮನುಷ್ಯರ ಮೈಯೊಳಗೆ ಹೊಕ್ಕಿವೆ.

ಆ ಕಲಾವಿದರು ಚೌಕ ಹಾಕಲು ಒಪ್ಪಲಿಲ್ಲ. ಜನರನ್ನು ಡಬ್ಬಿಯೊಳಗೆ ತುರುಕಿದರೆ ಉಸಿರು ಕಟ್ಟುತ್ತದೆ ಎಂಬುದು ಅವರ ಭಾವ. ಅದಕ್ಕೇ ಕಥೆ ರಂಗೋಲಿಯ ಎಳೆಯಂತೆ ಪುಟದ ತುಂಬ ಹರಿದಾಡುತ್ತದೆ. ಮಾತಿನ ಗುಳ್ಳೆಗಳನ್ನಾದರೂ ನೋಡಿ: ನೊಂದವರ ಮಾತು ಹಕ್ಕಿಯ ಆಕಾರದಲ್ಲಿ ಬರುತ್ತದೆ, ಜಾತಿಯ ವಿಷ ಕಕ್ಕುವವರ ಮಾತಿಗೆ ಚೇಳಿನ ಬಾಲ. ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಂಟನೇ ತರಗತಿ ಹುಡುಗರಿಗೆ ಇದನ್ನು ತೋರಿಸಿದೆ. ಇಂಗ್ಲಿಷ್ ಓದದೆಯೇ ಒಬ್ಬ ಹುಡುಗ ಚೇಳಿನ ಬಾಲದ ಮೇಲೆ ಬೆರಳಿಟ್ಟ. "ಸರ, ಇಂವ ಏನೋ ಕೆಟ್ಟ ಮಾತಾಡ್ಲಕತ್ತಾನ." ಅಲ್ಲಿಗೆ ಅಕ್ಷರದ ಕೆಲಸ ಮುಗಿದಿತ್ತು. ನಾನು ಸಣ್ಣವನಿದ್ದಾಗ ನಮ್ಮೂರಿನಲ್ಲೂ ಬಾವಿಯ ದಂಡೆಯ ಆಚೆ ಕೊಡ ಇಟ್ಟುಕೊಂಡು, ಯಾರಾದರೂ ಮೇಲಿನಿಂದ ನೀರು ಸುರಿಯಲಿ ಎಂದು ಕಾಯುವ ಹೆಂಗಸರಿದ್ದರು. ಅವರ ಮುಖ ನನಗೆ ಈಗ ನೆನಪಿಲ್ಲ. ಕೊಡದ ನೆಗ್ಗಿದ ಹೊಟ್ಟೆ ನೆನಪಿದೆ. ಅದನ್ನು ನೆನೆಸಿಕೊಂಡು ಇಂದಿಗೂ ನಾಚುತ್ತೇನೆ. 1979ರಲ್ಲಿ ಅಮರ ಚಿತ್ರ ಕಥೆಯವರೂ ಬಾಬಾಸಾಹೇಬರ ಮೇಲೆ ಒಂದು ಸಂಚಿಕೆ ತಂದಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಿ. ಅಲ್ಲಿ ಒಬ್ಬ ದೊಡ್ಡ ಮನುಷ್ಯ ಬೆಳೆಯುವುದನ್ನು ನೋಡುತ್ತೀರಿ, ಇಲ್ಲಿ ಒಂದು ಮಗುವಿಗೆ ಬಾಯಾರಿದ್ದು ನಿಮ್ಮ ಗಂಟಲಿಗೆ ತಿಳಿಯುತ್ತದೆ.

ಎರಡನೆಯದು ಮರ್ಜಾನ್ ಸತ್ರಪಿಯ 'ಪರ್ಸೆಪೊಲಿಸ್'. ಇರಾನಿನಲ್ಲಿ 1979ರ ಕ್ರಾಂತಿಯಾದಾಗ ಒಂಬತ್ತು ವರ್ಷದವಳಾಗಿದ್ದ ಹುಡುಗಿ ದೊಡ್ಡವಳಾಗಿ ಫ್ರೆಂಚಿನಲ್ಲಿ ಬರೆದು ಚಿತ್ರಿಸಿದ್ದು, 2000ದಿಂದ 2003ರವರೆಗೆ ನಾಲ್ಕು ಭಾಗಗಳಲ್ಲಿ ಬಂತು. ಬರೀ ಕಪ್ಪು ಬಿಳುಪು. ಶಾಲೆಯಲ್ಲಿ ಒಮ್ಮಿಂದೊಮ್ಮೆಲೆ ತಲೆಗೆ ಬಟ್ಟೆ ಕಡ್ಡಾಯವಾದಾಗ ಹುಡುಗಿಯರು ಆ ಬಟ್ಟೆಯನ್ನೇ ಹಗ್ಗ ಮಾಡಿ ಆಡುತ್ತಾರೆ. ಯುದ್ಧ, ಸೆರೆಮನೆ, ಗಡೀಪಾರು ಎಲ್ಲ ಬರುತ್ತವೆ. ಆದರೆ ನನ್ನ ಸೊಸೆಯಂದಿರಿಗೆ ಇದನ್ನು ನಮ್ಮ ಮಾತಿನಲ್ಲಿ ಹೇಳುತ್ತ ಓದಿದಾಗ ಅವರು ನಿಂತದ್ದು ಅಜ್ಜಿಯ ಪುಟದಲ್ಲಿ. ಆ ಅಜ್ಜಿ ದಿನಾ ಮಲ್ಲಿಗೆ ಹೂವು ಆಯ್ದು ಒಳಗುಪ್ಪಸದಲ್ಲಿ ಇಟ್ಟುಕೊಳ್ಳುತ್ತಾಳೆ. ರಾತ್ರಿ ಬಟ್ಟೆ ಬಿಚ್ಚುವಾಗ ಹೂವು ಉದುರುತ್ತವೆ. "ನಮ್ಮ ಆಯಿನೂ ಹಿಂಗೇ ಎಲಿಅಡಕಿ ಚೀಲದಾಗ ಮಲ್ಲಿಗಿ ಇಟ್ಟಿರ್ತಿದ್ಳಲ್ಲ ಮಾಮಾ" ಎಂದಳು ದೊಡ್ಡವಳು. ಇರಾನ್ ನಮಗೇನು ದೂರವೇ? ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯನ್ನು 1367ರಲ್ಲಿ ಕಟ್ಟಿದವನು ಕಜ್ವೀನಿನ ರಫಿ ಎಂದು ಅಲ್ಲಿನ ಶಾಸನವೇ ಹೇಳುತ್ತದೆ. ಕಜ್ವೀನ್ ಇರುವುದು ಇರಾನಿನಲ್ಲಿ. ಈ ಪುಸ್ತಕ ಹೈಸ್ಕೂಲು ದಾಟಿದವರಿಗೆ. ತಾಯಿ ಮಗಳು ಕೂಡಿ ಓದಿದರೆ ಇನ್ನೂ ಒಳ್ಳೆಯದು.

ರೈತರ ಮಕ್ಕಳಿಗೆ ನಾನು ಕೊಡುವುದು ಕೇಜಿ ನಕಜಾವಾನ 'ಬೇರ್‌ಫುಟ್ ಗೆನ್', ಬರಿಗಾಲಿನ ಗೆನ್. ಹಿರೋಶಿಮಾದ ಮೇಲೆ ಬಾಂಬು ಬಿದ್ದ 1945ರ ಆಗಸ್ಟ್ 6ರಂದು ನಕಜಾವಾಗೆ ಆರು ವರ್ಷ. ಶಾಲೆಯ ಗೋಡೆಯ ಮರೆಯಲ್ಲಿದ್ದದ್ದರಿಂದ ಉಳಿದ. ಅಪ್ಪ, ಅಕ್ಕ, ತಮ್ಮ ಉಳಿಯಲಿಲ್ಲ. 1973ರಿಂದ ಆ ನೋವನ್ನೇ ಸಾವಿರಾರು ಪುಟ ಚಿತ್ರಿಸಿದ. ಕಥೆ ಶುರುವಾಗುವುದು ಗೋಧಿ ಹೊಲದಲ್ಲಿ. ಚಳಿಗಾಲದಲ್ಲಿ ಎದ್ದ ಎಳೆ ಸಸಿಯನ್ನು ಅಪ್ಪ ಮಕ್ಕಳಿಂದ ತುಳಿಸುತ್ತಾನೆ. ತುಳಿಸಿಕೊಂಡ ಗೋಧಿ ಬೇರು ಗಟ್ಟಿಮಾಡಿಕೊಂಡು ಏಳುತ್ತದೆ ಎಂಬುದು ಅವನ ಪಾಠ. ಆಳಂದ ತಾಲ್ಲೂಕಿನ ಶಾಲೆಯೊಂದರಲ್ಲಿ ಈ ಪುಟ ತೋರಿಸಿ, ಯಾಕೆ ತುಳಿಯುತ್ತಾರೆ ಹೇಳಿ ಎಂದೆ. ಹಿಂದಿನ ಸಾಲಿನಿಂದ ಉತ್ತರ ಬಂತು: "ನಾವು ತೊಗರಿ ಕುಡಿ ಚೂಟಂಗಿಲ್ಲೇನ್ರಿ ಸರ? ಹಂಗೇ." ಬಿತ್ತಿದ ಒಂದೂವರೆ ತಿಂಗಳಿಗೆ ತುದಿ ಚಿವುಟಿದರೆ ತೊಗರಿ ಪಕ್ಕಕ್ಕೆ ಟೊಂಗೆ ಒಡೆದು ಕಾಯಿ ಹೆಚ್ಚು ಹಿಡಿಯುತ್ತದೆ. ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿಯ ನಾಡಿನ ಹುಡುಗನಿಗೆ ಜಪಾನಿನ ಅಪ್ಪನ ಮಾತು ಬಿಡಿಸಿ ಹೇಳಬೇಕಾಗಲಿಲ್ಲ. ಮುಂದಿನ ಪುಟಗಳು ಘೋರವಾಗಿವೆ. ಸಣ್ಣವರ ಕೈಗೆ ಒಂಟಿಯಾಗಿ ಕೊಡಬೇಡಿ, ಜತೆಗೆ ಕೂತುಕೊಳ್ಳಿ. ಜಪಾನಿನ ಕಾಮಿಕ್ಸು ಮೂಲದಲ್ಲಿ ಬಲದಿಂದ ಎಡಕ್ಕೆ ಓದುವಂಥದ್ದು ಎಂದು ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ. ಮುತ್ಯಾ ತೀರಿಕೊಂಡಾಗಿತ್ತು. ಅವನ ಬೆರಳು ಎಡವದೆ ಓಡುವ ಪುಸ್ತಕವೊಂದು ಪ್ರಪಂಚದಲ್ಲಿತ್ತು, ನಾನು ತಂದುಕೊಡಲಿಲ್ಲ.

ಆರ್ಟ್ ಸ್ಪೀಗಲ್‌ಮನ್ನನ 'ಮೌಸ್' ಹೆಸರು ಕೆಲವರಾದರೂ ಕೇಳಿರುತ್ತೀರಿ. ನಾತ್ಸಿಗಳು ಬೆಕ್ಕು, ಯಹೂದಿಗಳು ಇಲಿ. 1992ರಲ್ಲಿ ಪುಲಿಟ್ಜರ್ ಬಹುಮಾನ ಪಡೆದ ಈ ಕಾಮಿಕ್ಸಿನ ತಿರುಳು ನನಗೆ ಬೆಕ್ಕು ಇಲಿಗಳಲ್ಲಿಲ್ಲ. ಮಗ ಟೇಪ್ ರೆಕಾರ್ಡರ್ ಹಿಡಿದು ಮುದಿ ಅಪ್ಪನ ಎದುರು ಕೂರುತ್ತಾನಲ್ಲ, ಅಲ್ಲಿದೆ. ಅಪ್ಪ ಹೇಳುತ್ತ ಹೇಳುತ್ತ ಗುಳಿಗೆ ಎಣಿಸುತ್ತಾನೆ, ಜಗಳ ತೆಗೆಯುತ್ತಾನೆ, ಮತ್ತೆ ನಾತ್ಸಿಗಳ ಸಾವಿನ ಶಿಬಿರದ ನೆನಪಿಗೆ ಮರಳುತ್ತಾನೆ. ನಮ್ಮ ಮುತ್ಯಾನೂ 1948ರ ಕಥೆ ಹೇಳುತ್ತಿದ್ದ. ನಿಜಾಮರ ಪರದ ರಜಾಕಾರ ಪಡೆಯ ಭಯಕ್ಕೆ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಸೊಲ್ಲಾಪುರ ಸೀಮೆಗೆ ದಾಟಿದ್ದು, ಮಗುವಿನ ಬಾಯಿಗೆ ಬೆಲ್ಲದ ಚೂರು ಇಟ್ಟು ಅಳದಂತೆ ನೋಡಿಕೊಂಡದ್ದು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಕಥೆ: ಭಾರತದ ಸೇನೆಯ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಅವನ ಗೆಳೆಯ, ಜತೆಯಲ್ಲಿ ಉರ್ದು ಕಲಿತವನು, ಊರು ಬಿಟ್ಟದ್ದು. ಆ ದಿನಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಿಬಂದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಬುರಗಿಯನ್ನೂ ಎಣಿಸಿತ್ತು. ಎರಡೂ ಗೋಳುಗಳನ್ನು ಒಂದೇ ಕಟ್ಟೆಯ ಮೇಲೆ ಕೂತು ಹೇಳಿದ ಮನುಷ್ಯನ ಮುಂದೆ ನಾನು ಟೇಪ್ ಇಡಲಿಲ್ಲ, ಪೆನ್ಸಿಲ್ಲೂ ಹಿಡಿಯಲಿಲ್ಲ. ಆ ಕಾಲ ಕಂಡವರು ಆಳಂದ, ಅಫಜಲಪುರದ ಹಳ್ಳಿಗಳಲ್ಲಿ ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಚಿತ್ರ ಬಿಡಿಸಲು ಬರುವ ಹುಡುಗ ಹುಡುಗಿಯರು ಇದನ್ನು ಓದುತ್ತಿದ್ದರೆ, ದಯವಿಟ್ಟು ಈ ವರ್ಷವೇ ಹೋಗಿ ಅವರ ಮುಂದೆ ಕೂರಿ.

ಭೀಮೆಯ ದಂಡೆಯವರು ಒರಿಜಿತ್ ಸೇನರ 'ರಿವರ್ ಆಫ್ ಸ್ಟೋರೀಸ್' ಕೂಡ ನೋಡಬೇಕು. 1994ರಲ್ಲಿ ಬಂದ ಇದನ್ನು ಭಾರತದ ಮೊದಲ ಗ್ರಾಫಿಕ್ ಕಾದಂಬರಿ ಎನ್ನುತ್ತಾರೆ, 2022ರಲ್ಲಿ ಮರುಮುದ್ರಣವಾಗಿದೆ. ನರ್ಮದೆಯ ಅಣೆಕಟ್ಟಿನ ಕಥೆ. ಒಂದು ಎಳೆಯಲ್ಲಿ ಪೇಟೆಯ ಪತ್ರಕರ್ತ ಊರೂರು ಸುತ್ತುತ್ತಾನೆ, ಇನ್ನೊಂದರಲ್ಲಿ ಆದಿವಾಸಿ ಹಾಡುಗಾರ ಹೊಳೆ ಹುಟ್ಟಿದ ಕಥೆ ಹಾಡುತ್ತಾನೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಹಳ್ಳಿಗಳಿಗೆ ನುಗ್ಗಿದಾಗ ಸೊನ್ನ ಬ್ಯಾರೇಜಿನಿಂದ, ಮಹಾರಾಷ್ಟ್ರದ ಉಜನಿಯಿಂದ ಎಷ್ಟು ನೀರು ಬಿಟ್ಟರು ಎಂಬ ಲೆಕ್ಕ ಪತ್ರಿಕೆಗಳಲ್ಲಿ ದಿನಾ ಬರುತ್ತಿತ್ತು. ಅಟ್ಟದ ಮೇಲಿನ ಜೋಳದ ಚೀಲ ತೊಯ್ದು ಮೊಳಕೆ ಬಂದವರ ಕಥೆಗೆ ಅಂಥದೊಂದು ಪುಸ್ತಕ ಬೇಕು.

ಸಣ್ಣ ಮಕ್ಕಳಿಗೆ ಟಿಂಕಲ್‌ನ ಸುಪ್ಪಾಂಡಿ, ಶಿಕಾರಿ ಶಂಭು ಸಾಕು. ಪ್ರಥಮ್ ಬುಕ್ಸ್, ತೂಲಿಕಾದ ಕನ್ನಡ ಚಿತ್ರಪುಸ್ತಕಗಳು ಕಾಮಿಕ್ಸ್ ಅಲ್ಲದಿದ್ದರೂ ಚಿತ್ರ ಓದುವ ಅಭ್ಯಾಸ ಹಚ್ಚುತ್ತವೆ.

ಇವೆಲ್ಲ ಸಿಗುವುದೆಲ್ಲಿ, ದುಡ್ಡೆಲ್ಲಿ ಎಂದು ಕೇಳುವವರಿಗೆ ನನ್ನ ಉತ್ತರ ಗ್ರಾಮ ಪಂಚಾಯತಿ ಗ್ರಂಥಾಲಯ, ಈಗಿನ ಹೆಸರಿನಲ್ಲಿ ಅರಿವು ಕೇಂದ್ರ. 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಮದುವೆ, ಜವಳದ ನೆಪದಲ್ಲಿ ದೇಣಿಗೆ ಕೊಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಒಂದು ಗೋಡೆ ಗಡಿಯಾರದ ಬದಲು ಒಂದು 'ಭೀಮಾಯನ' ಕೊಡಿ. ಇಂಗ್ಲಿಷ್ ಬಾರದು ಎನ್ನಬೇಡಿ. ಬಲ್ಲ ಒಬ್ಬರು ಓದಿ ಹೇಳಲಿ, ಉಳಿದವರು ಚಿತ್ರ ನೋಡಲಿ. ನಾನೂ ಮುತ್ಯಾನೂ ಮಾಡಿದ ಕರಾರು ಎಲ್ಲ ಊರಿನಲ್ಲೂ ನಡೆಯುತ್ತದೆ.

ಓದಿದ ಮೇಲೆ ಬಿಡಿಸಲೂ ಬೇಕು. ಶರದ್ ಶರ್ಮಾ ಅವರ ವರ್ಲ್ಡ್ ಕಾಮಿಕ್ಸ್ ಇಂಡಿಯಾ ದೇಶದ ಹಳ್ಳಿಗಳಲ್ಲಿ ಹಬ್ಬಿಸಿರುವ ಸರಳ ಪದ್ಧತಿ ಒಂದಿದೆ. ಎರಡು ಎ-ನಾಲ್ಕು ಹಾಳೆ ಜೋಡಿಸಿ, ನಾಲ್ಕು ಚೌಕ ಎಳೆದು, ತಮ್ಮದೇ ಊರಿನ ಒಂದು ಸಂಗತಿ ಹೇಳುವುದು. ಝೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸುವುದು. ಕಪ್ಪು ಪೆನ್ನು, ಸ್ಕೇಲು ಇದ್ದರೆ ಆಯಿತು. ಕಳೆದ ಬೇಸಿಗೆಯಲ್ಲಿ ಅಫಜಲಪುರ ತಾಲ್ಲೂಕಿನ ಒಂದು ಅರಿವು ಕೇಂದ್ರದಲ್ಲಿ ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡೆ. ಹುಡುಗರಲ್ಲಿ ಇಬ್ಬರು ಹಾರುವ ಮನುಷ್ಯನನ್ನೇ ಬಿಡಿಸಿದರು, ಬಿಡಿಸಲಿ. ಏಳನೇ ತರಗತಿಯ ಒಬ್ಬ ಹುಡುಗಿ ಮಧ್ಯಾಹ್ನದವರೆಗೂ ಸ್ಕೇಲಿನಿಂದ ಗೆರೆ ಎಳೆಯುತ್ತಲೇ ಕೂತಿದ್ದಳು. ಆಮೇಲೆ ಒಂದೇ ಉಸಿರಿಗೆ ಮುಗಿಸಿದಳು. ಮೊದಲ ಚೌಕದಲ್ಲಿ ಬೀಗ ಹಾಕಿದ ಬಾಗಿಲು. ಎರಡನೆಯದರಲ್ಲಿ ಪುಣೆ ಬಸ್ಸು, ಮೇಲೆ ಗಂಟುಮೂಟೆ. ಮೂರನೆಯದರಲ್ಲಿ ಕಟ್ಟೆಯ ಮೇಲೆ ಆಯಿ ಮತ್ತು ಅವಳು, ನಡುವೆ ಒಂದು ಮೊಬೈಲು. ನಾಲ್ಕನೆಯ ಚೌಕದ ತುಂಬ ಮೊಬೈಲಿನ ಪರದೆ. ಅದರಲ್ಲಿ ಬರೀ ಒಂದು ಹಣೆ, ದೊಡ್ಡ ಕುಂಕುಮ, ಅದರ ಮೇಲೆ ಗೆರೆಗೆರೆಯಾದ ತಗಡಿನ ಛಾವಣಿ.

"ಮುಖ ಎಲ್ಲವ್ವ?" ಎಂದೆ.

"ನಮ್ಮವ್ವಗ ಫೋನ್ ಹಿಡೀಲಿಕ್ಕ ಬರಂಗಿಲ್ರಿ ಸರ. ದಿನಾ ಹಣಿ ಅಷ್ಟೇ ಕಾಣ್ತದ."

ಸಂಜೆ ಆ ಹಾಳೆಯನ್ನು ಪಂಚಾಯತಿ ಗೋಡೆಗೆ ಅಂಟಿಸಿದೆವು. ನೀರು ತರಲು ಬಂದ ಅವಳ ಆಯಿ ಕೊಡ ಇಳಿಸಿ ಹತ್ತಿರ ಬಂದರು. ಓದು ಬಾರದವರು. ಬೀಗ, ಬಸ್ಸು, ಕಟ್ಟೆ, ಎಲ್ಲದರ ಮೇಲೂ ಬೆರಳಾಡಿಸಿ ನಾಲ್ಕನೆಯ ಚೌಕದ ಮೇಲೆ ನಿಲ್ಲಿಸಿದರು. "ಕುಂಕಮ ಇನ್ನಾ ಸ್ವಲ್ಪ ಎಡಕ್ಕ ಇರಬೇಕಿತ್ತು" ಎಂದರು. ಹುಡುಗಿ ಪೆನ್ನು ತರಲು ಒಳಗೆ ಓಡಿದಳು.